ಖಾಲಿ ಹಲಗೆಯ ಸಪ್ಪಳ

ಡಂಬಳದಿಂದ ಮುಂಡರಗಿಯ ಕಡೆ ಹೋಗುವಾಗ ದೊಡ್ಡ ರಸ್ತೆ ಬಿಟ್ಟು ಒಳಗೆ ಹೊರಳಿದರೆ ಒಂದು ಸಣ್ಣ ಊರು ಸಿಗುತ್ತದೆ. ಅದರ ಹೆಸರು ಯಾಕೆ ಬೇಕು? ನಿಮ್ಮೂರೇ ಎಂದು ತಿಳಿದುಕೊಳ್ಳಿ. ನಿಮ್ಮೂರಿನ ಹಾಗೆ ಅಲ್ಲಿಯೂ ಬೆಳಕು ಹರಿಯುತ್ತಲೇ ಮನೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಯಾವ ಸಪ್ಪಳ ಯಾರ ಕೈಯದು ಎಂದು ಓಣಿಯ ಹೆಂಗಸರು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಒಂದು ಮನೆಯಿಂದ ಸಪ್ಪಳ ಬರಲಿಲ್ಲವೆಂದರೆ ಹೊತ್ತು ಏರುವುದರೊಳಗೆ ಆ ಮನೆಯ ಬಾಗಿಲಿಗೆ ಯಾರಾದರೂ ಹೋಗಿ ನಿಂತೇ ನಿಲ್ಲುತ್ತಾರೆ. "ಯಾಕವಾ, ಇವತ್ತ ರೊಟ್ಟಿ ಬಡೀಲಿಲ್ಲ? ಆರಾಮ ಅದೀರಿಲ್ಲೊ?" ಎಂದು ಕೇಳುತ್ತಾರೆ.

ಕಸ್ತೂರೆವ್ವನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವಳು ಆ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಳಿತು ಖಾಲಿ ಹಲಗೆಯನ್ನು ಬಡಿಯುತ್ತಿದ್ದಳು.

ಹಲಗೆಯ ಮೇಲೆ ಹಿಟ್ಟಿರಲಿಲ್ಲ, ಒಲೆಯ ಮೇಲೆ ಹಂಚಿರಲಿಲ್ಲ. ಬರೀ ಅಂಗೈ, ಬರೀ ಕಟ್ಟಿಗೆ. ಬಳೆಗಳೂ ಸಪ್ಪಳ ಮಾಡಲೆಂದು ಕೈಯನ್ನು ಬೇಕೆಂದೇ ಎತ್ತೆತ್ತಿ ಹಾಕುತ್ತಿದ್ದಳು. ಒಂದು ಕಿವಿ ಓಣಿಯ ಕಡೆ, ಇನ್ನೊಂದು ಒಳಕೋಣೆಯ ಕಡೆ. ಒಳಗೆ ಅವಳ ಗಂಡ ಉಳವಪ್ಪ ಕಂಬಳಿ ಹೊದ್ದು ಮಲಗಿದ್ದ. ಅವನು ಕೆಮ್ಮಿದಾಗಲೆಲ್ಲ ಇವಳು ಇನ್ನಷ್ಟು ಜೋರಾಗಿ ಬಡಿಯುತ್ತಿದ್ದಳು. ಓಣಿಗೆ ಕೆಮ್ಮು ಕೇಳಬಾರದು, ರೊಟ್ಟಿ ಕೇಳಬೇಕು. ಅಷ್ಟೇ ಅವಳ ಲೆಕ್ಕ.

ಇದೆಂಥ ಹುಚ್ಚು ಎಂದು ನಗಬೇಡಿ. ಅಂಜಿಕೆ ಹೊಕ್ಕ ಮನೆಯಲ್ಲಿ ಜಾಣತನ ಹೀಗೇ ಅಡ್ಡದಾರಿ ಹಿಡಿಯುತ್ತದೆ.

ಅದು ಕೊರೊನಾ ಎರಡನೆಯ ಸಲ ಬಂದ ಬೇಸಿಗೆ. ಉಳವಪ್ಪ ಗಟ್ಟಿ ಆಳು, ಉಳ್ಳಾಗಡ್ಡಿ ಚೀಲವನ್ನು ಒಬ್ಬನೇ ಹೆಗಲಿಗೆ ಏರಿಸುವವನು. ಲಕ್ಷ್ಮೇಶ್ವರದಲ್ಲಿ ಬೀಗರ ಮನೆಯ ನಿಶ್ಚಯ ಎಂದು ಹೋದ. ನಾಲ್ಕೇ ಮಂದಿ ಕೂಡುತ್ತೇವೆ ಅಂದಿದ್ದರು, ಹೋಗಿ ನೋಡಿದರೆ ಪಡಸಾಲೆ ತುಂಬಿ ಕಟ್ಟೆಯ ಮೇಲೂ ಜನ. ಮಾಸ್ಕೇನೋ ಒಯ್ದಿದ್ದ. ಅದು ಹೋಗುವಾಗಲೂ ಬರುವಾಗಲೂ ಅಂಗಿಯ ಕಿಸೆಯಲ್ಲಿ ಭದ್ರವಾಗಿತ್ತು. ಬಂದ ಮೇಲೆ ಮೊದಲು ಮೈಕೈ ನೋವು, ಆಮೇಲೆ ಜ್ವರ, ಆಮೇಲೆ ಕೆಮ್ಮು. ಶುಂಠಿ ಮೆಣಸಿನ ಕಷಾಯ ಕುಡಿಸಿದ್ದಾಯಿತು. ಮೇಲೆ ನಾಲ್ಕು ಕಂಬಳಿ ಹೊದಿಸಿದ್ದಾಯಿತು. ಜ್ವರ ಮಾತ್ರ ಹೋಗುವ ಮಾತೇ ಆಡಲಿಲ್ಲ.

"ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದಿದ್ದ ಉಳವಪ್ಪ. "ಗೊತ್ತಾದರ ಗಾಡಿ ಬರತೈತಿ. ಗಾಡಿ ಹತ್ತಿದವ್ರು ಇಳಿಯಂಗಿಲ್ಲ. ಲಕ್ಕಪ್ಪನ್ನ ನೋಡಿಲ್ಲೇನ ನೀ?"

ಲಕ್ಕಪ್ಪ ಮೇಲಿನ ಓಣಿಯವನು. ಅವನನ್ನು ಆಂಬುಲೆನ್ಸ್ ಗಾಡಿಯಲ್ಲಿ ಗದಗಿನ ದವಾಖಾನೆಗೆ ಒಯ್ದದ್ದನ್ನು ಊರೆಲ್ಲ ನೋಡಿತ್ತು. ಮರಳಿ ಬಂದದ್ದು ಸಾವಿನ ಸುದ್ದಿ ಮಾತ್ರ. ಅವನ ಮುಖವನ್ನು ಹೆಂಡತಿಗೂ ಸರಿಯಾಗಿ ತೋರಿಸಲಿಲ್ಲವಂತೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರಂತೆ, ನಾಲ್ಕು ಜನ ಹೆಗಲು ಕೊಡಲಿಲ್ಲವಂತೆ. ಈ 'ಅಂತೆ'ಗಳು ಒಂದು ಮೊಬೈಲಿನಿಂದ ಇನ್ನೊಂದು ಮೊಬೈಲಿಗೆ ಹೋಗುತ್ತಾ ಬೆಳೆಯುತ್ತಾ ಊರನ್ನೇ ತಿಂದುಹಾಕಿದ್ದವು.

ಕಸ್ತೂರೆವ್ವನಿಗೆ ಇನ್ನೂ ಒಂದು ಅಂಜಿಕೆ ಇತ್ತು. ಅದು ಮುಳ್ಳಿನದು.

ಹಿಂದಿನ ವರ್ಷ, ಎದುರುಮನೆಯ ಅಮೃತವ್ವನ ಮಗ ಸುಭಾಸ ಗೋವಾದಿಂದ ಕೆಲಸ ಬಿಟ್ಟು ಬಂದಿದ್ದ. ಅವನಿಗೆ ರೋಗವೂ ಇರಲಿಲ್ಲ, ಏನೂ ಇರಲಿಲ್ಲ. ಆದರೂ ಪಕ್ಕದ ಮನೆಯ ಮುತ್ತಣ್ಣ ಮತ್ತು ಓಣಿಯ ಗಂಡಸರು ಕೂಡಿ ಜಾಲಿಮುಳ್ಳಿನ ಟೊಂಗೆಗಳನ್ನು ಎಳೆದು ತಂದು ಅಮೃತವ್ವನ ಬಾಗಿಲಿಗೆ ಅಡ್ಡ ಒಟ್ಟಿಬಿಟ್ಟರು. ಆ ಮನೆಗೆ ಹಾಲಿನವನೂ ಹೋಗಲಿಲ್ಲ. ಆ ದಿನ ಕಸ್ತೂರೆವ್ವ ಕಿಟಕಿಯಿಂದ ನೋಡಿದ್ದಳು, ನೋಡಿ ಕಿಟಕಿ ಹಾಕಿಕೊಂಡಿದ್ದಳು. ಈಗ ಅದೇ ಮುಳ್ಳು ತನ್ನ ಬಾಗಿಲಿಗೆ ಬಂದರೆ? ಎಮ್ಮೆಗೆ ಮೇವು ಹಾಕುವವರು ಯಾರು? ನೀರು ತರುವವರು ಯಾರು? ಹೀಗೆ ಯೋಚಿಸಿದಷ್ಟೂ ಅವಳ ಕೈ ಇನ್ನೂ ಜೋರಾಗಿ ಹಲಗೆಯನ್ನು ಬಡಿಯುತ್ತಿತ್ತು.

ಜೋಳದ ಚೀಲ ಮನೆಯಲ್ಲಿತ್ತು, ಹಿಟ್ಟು ಮಾತ್ರ ತೀರಿತ್ತು. ಬುಡ್ಡೇಸಾಬನ ಗಿರಣಿಗೆ ಹೋಗಬೇಕು. ಗಿರಣಿ ಎಂದರೆ ಹತ್ತು ಹೆಂಗಸರು, ಹತ್ತು ಪ್ರಶ್ನೆ. ಅವಳಿಗೂ ಗಂಟಲು ಕೆರೆಯಲು ಶುರುವಾಗಿತ್ತು. ಅಲ್ಲಿ ಒಂದು ಸಲ ಕೆಮ್ಮಿದರೆ ಮುಗಿಯಿತು. ಹಾಗಾಗಿ ಗಂಜಿ ಕಾಸುವುದು, ಖಾಲಿ ಹಲಗೆ ಬಡಿಯುವುದು. ಶಿರಹಟ್ಟಿಯಲ್ಲಿರುವ ಮಗಳು ಶೀತಲ್ ಫೋನು ಮಾಡಿ "ಅಪ್ಪ ಹೆಂಗದಾನ?" ಎಂದರೆ, "ಆರಾಮ ಅದಾನವಾ, ಎಮ್ಮಿ ಮೈ ತೊಳಿಯಾಕ ಹೋಗ್ಯಾನ," ಎಂದು ಸುಳ್ಳು ಹೇಳುವುದು. ಹೇಳಿ ಫೋನು ಇಟ್ಟ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಳುವುದು.

ಅಂದು ಹೊತ್ತು ಏರಿದ ಮೇಲೆ ಹೊರಗಿನಿಂದ ದನಿ ಬಂತು.

"ಕಸ್ತೂರಿ! ಏ ಕಸ್ತೂರಿ!"

ಅಮೃತವ್ವನ ದನಿ. ವಯಸ್ಸಿನಲ್ಲಿ ಹಿರಿಯಳು, ಹೆಂಗಸರ ಸ್ವಸಹಾಯ ಸಂಘದವಳು. ಮನಸ್ಸು ಮೆತ್ತಗೆ, ನಾಲಗೆ ಮಾತ್ರ ಹಸಿಮೆಣಸಿನಕಾಯಿ. ಕಸ್ತೂರೆವ್ವ ಕದ ತೆರೆಯದೆ ಹಿಂದೆ ನಿಂತಳು.

"ಏನಕ್ಕಾ?"

"ಏನ್ ಪಲ್ಯಾ ಮಾಡೀದಿ ಇವತ್ತ?"

"ಬದನಿಕಾಯಿ."

"ಹೊರಗರ ಬಾ. ಮಾರಿ ನೋಡಿ ಎಷ್ಟ ದಿನಾ ಆತು!"

"ಕೆಲಸ ಭಾಳ ಅದಾವಕ್ಕಾ."

"ಉಳವಪ್ಪ ಎಲ್ಲದಾನ?"

"ಹೊಲಕ್ಕ ಹೋಗ್ಯಾರ."

"ಹೊಲಕ್ಕ? ಚಪ್ಪಲಿ ಇಲ್ಲೇ ಬಿಟ್ಟು ಹೋಗ್ಯಾನೇನು?"

ಕಸ್ತೂರೆವ್ವನಿಗೆ ಹೊರಗಿನ ಚಪ್ಪಲಿಯ ನೆನಪೇ ಇರಲಿಲ್ಲ.

"ಅವು ಹರದಾವಕ್ಕಾ. ಬ್ಯಾರೆ ಮೆಟ್ಟಿಕೊಂಡ ಹೋಗ್ಯಾರ."

"ಆತು ಬಿಡು," ಎಂದು ಅಮೃತವ್ವ ಹೋದಳು. ಹೆಜ್ಜೆಯ ಸಪ್ಪಳ ದೂರವಾದ ಮೇಲೆ ಕಸ್ತೂರೆವ್ವ ಕದವನ್ನು ಒಂದು ಗೇಣು ತೆರೆದು, ಚಪ್ಪಲಿಗಳನ್ನು ಒಳಗೆ ಎಳೆದುಕೊಂಡು, ಮತ್ತೆ ಚಿಲಕ ಹಾಕಿದಳು. ತನ್ನದೇ ಮನೆಯಲ್ಲಿ ಕಳ್ಳರ ಹಾಗೆ ಇರಬೇಕಾಯಿತಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು, ಸಂಕಟವೂ ಆಯಿತು.

ಸಂಜೆಯ ಹೊತ್ತಿಗೆ ಉಳವಪ್ಪನ ಉಸಿರಾಟ ಬದಲಾಯಿತು. ಒಂದು ಮಾತು ಆಡಬೇಕಾದರೆ ನಡುವೆ ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದ. "ನೀರು" ಎನ್ನಲಿಕ್ಕೂ ಆಗದೆ ಕೈ ಸನ್ನೆ ಮಾಡಿದ. ತುಟಿಯ ಬಣ್ಣ ಕಂದಿತ್ತು. ಕಸ್ತೂರೆವ್ವ ಅವನ ಎದೆಯ ಮೇಲೆ ಕೈಯಿಟ್ಟು ನೋಡಿದಳು. ಪಕ್ಕೆಗಳು ಒಳಗೆ ಸೇದಿಕೊಂಡು ಹೋಗುತ್ತಿದ್ದವು. ಅಮೃತಕ್ಕನನ್ನು ಕರೆದುಬಿಡಲೇ ಎಂದುಕೊಂಡು ಎದ್ದಳು. ಕದದ ತನಕ ಹೋದಳು. ಚಿಲಕಕ್ಕೆ ಕೈ ಹಾಕಿದಳು.

ಆಗ ಹೊರಗೆ ಆ ಸಪ್ಪಳ ಕೇಳಿಸಿತು. ಸರ್ರ್... ಸರ್ರ್... ಮಣ್ಣಿನ ಮೇಲೆ ಮುಳ್ಳಿನ ಟೊಂಗೆ ಎಳೆಯುವ ಸಪ್ಪಳ. ಜೊತೆಗೆ ಮುತ್ತಣ್ಣನ ದನಿ, "ಹಿಡೀರಿ, ಹಿಡೀರಿ, ಅತ್ತಾಗ ಎಳೀರಿ."

ಗೊತ್ತಾಗಿಬಿಟ್ಟಿದೆ. ಬಂದೇಬಿಟ್ಟರು. ಚಿಲಕದ ಮೇಲಿನ ಕೈ ತೆಗೆದು, ಜೋಳದ ಚೀಲವನ್ನು ಎಳೆದು ತಂದು ಕದಕ್ಕೆ ಒತ್ತಿ ಇಟ್ಟಳು. ದೀಪ ಹಚ್ಚಲಿಲ್ಲ. ಚೀಲಕ್ಕೆ ಬೆನ್ನು ಕೊಟ್ಟು ಕತ್ತಲಲ್ಲಿ ಕುಳಿತಳು. ಒಳಗೆ ಗಂಡನ ಉಸಿರು, ಹೊರಗೆ ಮುಳ್ಳು. ನಡುವೆ ತಾನೊಬ್ಬಳು. ಇಷ್ಟು ಜನರಿರುವ ಊರಿನಲ್ಲಿ ತನಗೆ ಯಾರೂ ಇಲ್ಲ ಎಂದು ಅವಳಿಗೆ ಅಂದು ಅನಿಸಿದ ಹಾಗೆ ಎಂದೂ ಅನಿಸಿರಲಿಲ್ಲ.

ಹೇಗೋ ಬೆಳಗಾಯಿತು. ಕಸ್ತೂರೆವ್ವನ ಮೈ ಕಾದಿತ್ತು, ತಲೆ ಭಾರವಾಗಿತ್ತು. ಆದರೂ ಅಡುಗೆಮನೆಗೆ ಹೋಗಿ ಹಲಗೆಯ ಮುಂದೆ ಕುಳಿತು ಬಡಿಯತೊಡಗಿದಳು. ಕೈ ಎತ್ತಲಿಕ್ಕೆ ಆಗುತ್ತಿರಲಿಲ್ಲ, ನಿಲ್ಲಿಸಲಿಕ್ಕೆ ಧೈರ್ಯವಿರಲಿಲ್ಲ.

ಹಿತ್ತಲಿನ ಕಿಟಕಿಯ ಹತ್ತಿರದಿಂದ ಮೆಲ್ಲನೆ ದನಿ ಬಂತು.

"ಕಸ್ತೂರಿ, ಸಾಕ ಮಾಡವಾ. ಖಾಲಿ ಹಲಗಿ ಎಷ್ಟ ಬಡೀತಿ?"

ಅವಳ ಕೈ ಹಾಗೆಯೇ ನಿಂತಿತು.

ಅಮೃತವ್ವ ಮೂಗು ಬಾಯಿಗೆ ಮಾಸ್ಕು ಕಟ್ಟಿಕೊಂಡು ಕಿಟಕಿಯಿಂದ ನಾಲ್ಕು ಹೆಜ್ಜೆ ಆಚೆ ನಿಂತಿದ್ದಳು. "ನನಗ ಕಿವಿ ಇಲ್ಲಂತ ತಿಳದೀಯೇನ? ರೊಟ್ಟಿ ಬಡಿಯೂದು ಹಿಂಗ ಇರತೈತಿ? ಒಂದ ರೊಟ್ಟಿ ಆದ ಮ್ಯಾಲೆ ಕೈ ನಿಲ್ಲತೈತಿ. ಹಂಚಿಗೆ ಹಾಕಬೇಕು, ನೀರು ಸವರಬೇಕು, ಹೊಳ್ಳಿಸಿ ಹಾಕಬೇಕು, ಆಮ್ಯಾಲೆ ಇನ್ನೊಂದ ಉಂಡಿ ಹಿಡೀಬೇಕು. ನೀ ಒಂದ ಸವನ ಬಡಿಯಾಕತ್ತೀದಿ, ನಡುವ ಉಸರ ಇಲ್ಲ. ಓಣಿಗೆಲ್ಲಾ ರೊಟ್ಟಿ ವಾಸನಿ ಬರತೈತಿ, ನಿನ್ನ ಮನಿಯಿಂದ ಬರವಲ್ದು. ನಿನ್ನೇನ ಸಂಶೆ ಬಂತು. ಇವತ್ತ ಖಾತ್ರಿ ಆತು."

ಕಸ್ತೂರೆವ್ವ ಕಿಟಕಿಯ ಸರಳು ಹಿಡಿದು ಕುಸಿದಳು. "ಅಕ್ಕಾ, ನಿನ್ನ ಕಾಲ ಬೀಳತೀನಿ, ಯಾರಿಗೂ ಹೇಳಬ್ಯಾಡ. ಬಾಗಲಿಗೆ ಮುಳ್ಳ ಹಚ್ಚತಾರ. ಹಚ್ಚ್ಯಾರ ಆಗಲೇ. ಸಂಜೀಕ ಮುತ್ತಣ್ಣ ಎಳಕೊಂಡ ಬಂದಿದ್ದು ನಾನ ಕೇಳೇನಿ."

ಅಮೃತವ್ವ ಹೇಳಿದಳು, "ಮುಳ್ಳು ಅಂದ್ರ ಏನಂತ ನಂಗ ನೀ ಹೇಳಬ್ಯಾಡ ತಂಗಿ. ನನ್ನ ಬಾಗಲಿಗೆ ಹಚ್ಚಿದ್ದು ನಾನೇನ ಮರತಿಲ್ಲ. ಮುಳ್ಳ ಕಾಲಿಗೆ ಚುಚ್ಚತಾವು, ತಗದ್ರ ಹೋಗತಾವು. ಅಷ್ಟ ದಿನಾ ಒಬ್ಬರೂ ನನ್ನ ಹೆಸರ ಹಿಡದ ಕರೀಲಿಲ್ಲ. 'ಅಮೃತಕ್ಕಾ, ಉಂಡಿಯೇನ?' ಅಂತ ದೂರ ನಿಂತಾದರೂ ಒಂದ ಮಾತ ಕೇಳಲಿಲ್ಲ. ಅದು ಇನ್ನೂ ಚುಚ್ಚತೈತಿ. ಅದಕ್ಕ ನಾ ನಿನ್ನ ಕರೀಲಿಕ್ಕೆ ಬಂದೀನಿ."

ಕಸ್ತೂರೆವ್ವನಿಗೆ ತಾನು ಅಂದು ಹಾಕಿಕೊಂಡ ಕಿಟಕಿ ನೆನಪಾಯಿತು. ತಲೆ ಎತ್ತಲಾಗಲಿಲ್ಲ.

"ಏಳು. ಮುತ್ತಣ್ಣನ ಮೇವಿನ ಬಣವಿಗೆ ಆಡು ಬಾಯಿ ಹಾಕಾಕತ್ತಾವು. ಅದಕ್ಕ ಸುತ್ತಲೂ ಮುಳ್ಳ ಹಚ್ಯಾನ. ನನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ಲಂದ್ರ ಕದಾ ತಗದ ನೋಡು. ನಾ ಮುಂದಿನ ಬಾಗಲಿಗೆ ಬರತೀನಿ."

ಜೋಳದ ಚೀಲ ಸರಿಸಿ, ಚಿಲಕ ತೆಗೆದು, ಕಣ್ಣು ಮುಚ್ಚಿಕೊಂಡೇ ಕಸ್ತೂರೆವ್ವ ಕದ ಎಳೆದಳು. ಕಣ್ಣು ಬಿಟ್ಟಾಗ ಬಾಗಿಲಲ್ಲಿ ಬರೀ ಬೆಳಗಿನ ಬಿಸಿಲಿತ್ತು. ಮಣ್ಣಿನಲ್ಲಿ ಟೊಂಗೆ ಎಳೆದ ಗೆರೆ ಅವಳ ಬಾಗಿಲು ದಾಟಿ ಮುಂದೆ ಮುತ್ತಣ್ಣನ ಬಣವೆಯ ತನಕ ಹೋಗಿತ್ತು. ರಾತ್ರಿಯೆಲ್ಲ ಗಂಡನ ಉಸಿರು ಕಟ್ಟುತ್ತಿರುವಾಗ ತಾನು ಹೆದರಿ ಕುಳಿತದ್ದು ಆಡುಗಳಿಗೆ ಹಾಕಿದ ಮುಳ್ಳಿಗೆ! ಅವಳು ಹೊಸ್ತಿಲ ಮೇಲೆ ಕುಳಿತು ದನಿ ತೆಗೆದು ಅತ್ತುಬಿಟ್ಟಳು.

ಅಮೃತವ್ವ ಅವಳನ್ನು ಅಳಲು ಬಿಟ್ಟಳು, ಆದರೆ ಬಹಳ ಹೊತ್ತು ಬಿಡಲಿಲ್ಲ. "ಆಮ್ಯಾಲೆ ಅಳೂದು ಐತಿ. ನಾಗರತ್ನಾಗ ಆಗಲೇ ಫೋನ್ ಮಾಡೀನಿ, ಬರಾಕತ್ಯಾಳ," ಎಂದಳು.

ನಾಗರತ್ನಾ ಊರಿನ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ, ಮೂಗಿನ ಮೇಲೆ ಗಟ್ಟಿ ಮಾಸ್ಕು, ಹೆಗಲಿಗೆ ಚೀಲ. ಒಳಗೆ ಬರುವ ಮೊದಲೇ ಎರಡು ಮಾಸ್ಕು ಕೊಟ್ಟು ಗಂಡ ಹೆಂಡತಿ ಇಬ್ಬರಿಗೂ ಕಟ್ಟಿಕೊಳ್ಳಲು ಹೇಳಿದಳು. "ಮೊದಲ ಕಿಟಕಿ ಎಲ್ಲಾ ತಗೀರಿ ಕಾಕಿ, ಗಾಳಿ ಆಡಲಿ," ಎಂದಳು. ಉಳವಪ್ಪನ ಬೆರಳಿಗೆ ಬಟ್ಟೆ ಒಣಹಾಕುವ ಚಿಮಟಿಗೆಯಂಥ ಒಂದು ಸಣ್ಣ ಯಂತ್ರ ಹಚ್ಚಿ ಅಂಕಿ ನೋಡಿದಳು.

"ಎಷ್ಟ ಬಂತವಾ?" ಅಮೃತವ್ವ ಹೊರಗಿನಿಂದ ಕೇಳಿದಳು.

"ಎಂಬತ್ತೆಂಟು." ನಾಗರತ್ನಾಳ ದನಿಯಲ್ಲಿ ಅವಸರವಿತ್ತು. "ಕಾಕಿ, ಇದು ಮೈಯಾಗ ಪ್ರಾಣವಾಯು ಎಷ್ಟೈತಿ ಅಂತ ತೋರಸತೈತಿ. ತೊಂಬತ್ನಾಕರ ಮ್ಯಾಲಿರಬೇಕು. ಅದಕ್ಕಿಂತ ಕಡಿಮಿ ಆದ್ರ ಮನ್ಯಾಗ ಇಟ್ಕೊಂಡ ಕುಂಡ್ರಂಗಿಲ್ಲ. ಕಾಕಾಗ ಈಗಿಂದೀಗ ಆಕ್ಸಿಜನ್ ಬೇಕು. ನಾ ನೂರಾ ಎಂಟಕ್ಕ ಫೋನ್ ಹಚ್ಚತೀನಿ."

ಉಳವಪ್ಪ ತಲೆ ಅಲ್ಲಾಡಿಸಿದ. ಉಸಿರು ಕೂಡಿಸಿಕೊಂಡು ಒಂದೊಂದೇ ಮಾತು ಹೊರಹಾಕಿದ. "ಒಲ್ಲೆ. ಗಾಡಿ... ಒಲ್ಲೆ. ಹೋದವ್ರು... ಬರಂಗಿಲ್ಲ."

"ಸುಳ್ಳ ಹೇಳಿ ನಿಮ್ಮನ್ನ ಗಾಡಿ ಹತ್ತಸಂಗಿಲ್ಲ ಕಾಕಾ," ಎಂದಳು ನಾಗರತ್ನಾ. "ಕೆಲವರು ಬರಲಿಲ್ಲ, ಅದು ಖರೆ. ಆದ್ರ ಆರಾಮ ಆಗಿ ಬಂದವ್ರು ಭಾಳ ಮಂದಿ ಅದಾರ. ಅವ್ರ ಖಬರ ಯಾರ ಮೊಬೈಲಿಗೂ ಬರಂಗಿಲ್ಲ. ಲಕ್ಕಪ್ಪ ಕಾಕಾನ್ನ ದವಾಖಾನಿ ಕೊಂದಿಲ್ರಿ. ಅವ್ರ ಮನ್ಯಾಗೂ ಹಿಂಗ ಮುಚ್ಚಿಟ್ಟಿದ್ರು. ನನಗ ಗೊತ್ತಾಗಿ ನಾ ಹೋಗೂದ್ರಾಗ ಅವರಿಗೆ ಮೈಮ್ಯಾಲೆ ಎಚ್ಚರ ಇರಲಿಲ್ಲ. ತಡಾ ಮಾಡಿದ್ದ ಅವರನ್ನ ಕೊಂದಿದ್ದು. ನಾ ಇನ್ನೊಂದು ದಿನಾ ಮೊದಲ ಹೋಗಿದ್ರ..." ಅವಳು ಮಾತು ನಿಲ್ಲಿಸಿ ಚೀಲದಲ್ಲಿ ಏನೋ ಹುಡುಕಿದಳು. ಅವಳ ಕಣ್ಣೂ ತುಂಬಿತ್ತು.

"ಸತ್ರ... ಮಾರಿ ಸೈತ... ತೋರಸಂಗಿಲ್ಲ," ಎಂದ ಉಳವಪ್ಪ. ಹೆಂಡತಿಯ ಕಡೆ ನೋಡಿದ. ನೀನಾದರೂ ಬೇಡವೆನ್ನು ಎಂದು ಕೇಳುವ ನೋಟ ಅದು.

ಎಲ್ಲರೂ ಕಸ್ತೂರೆವ್ವನನ್ನೇ ನೋಡಿದರು. ಇಷ್ಟು ದಿನ ಅವನು ಹೇಳಿದ್ದನ್ನೇ ಕೇಳಿದ್ದಳು. ಈಗಲೂ ಗಾಡಿಯ ಅಂಜಿಕೆ ಹೋಗಿರಲಿಲ್ಲ. ಆದರೆ ಆ ಉಸಿರಿನ ಸಪ್ಪಳವನ್ನು ಅವಳು ರಾತ್ರಿಯೆಲ್ಲ ಕೇಳಿದ್ದಳು.

"ಇಲ್ಲೇ ಇಟ್ಕೊಂಡ್ರ ನಾ ನಿಮ್ಮ ಮಾರಿ ನೋಡಕೋಂತ ಕುಂಡ್ರಬೇಕು, ಉಸರ ನಿಲ್ಲೂ ತನಕ," ಎಂದಳು. "ಆ ಮಾರಿ ನನಗ ಬ್ಯಾಡ. ನಕ್ಕೋಂತ ಬೈಯೂ ಮಾರಿ ಬೇಕು. ಏಳ್ರಿ. ಅಂಜಿಕಿ ನನಗೂ ಐತಿ. ಅಂಜಕೋಂತನ ಹೋಗ್ರಿ."

ಉಳವಪ್ಪ ಅವಳನ್ನು ನೋಡಿದ. ಕಣ್ಣು ಮುಚ್ಚಿ, ಆಗಲಿ ಎಂಬಂತೆ ತಲೆ ಆಡಿಸಿದ.

ಗಾಡಿ ಬರುವ ತನಕ ನಾಗರತ್ನಾ ಅವನನ್ನು ಬೋರಲಾಗಿ ಮಲಗಿಸಿ, ಎದೆಯ ಕೆಳಗೆ ದಿಂಬು ಇಟ್ಟಳು. "ಇದರಿಂದ ಉಸರ ಆಡಾಕ ಸ್ವಲ್ಪ ಹಗರಾಗತೈತಿ, ಆದ್ರ ಇದ ಔಷಧ ಅಲ್ಲ. ಗಾಡಿ ಬರೂ ತನಕ ಅಷ್ಟ," ಎಂದಳು. ಅಮೃತವ್ವ ಮಗನನ್ನು ಕೂಗಿದಳು. ಗೋವಾದಿಂದ ಬಂದು ಮುಳ್ಳಿನ ಹಿಂದೆ ಕುಳಿತಿದ್ದ ಅದೇ ಸುಭಾಸ ಮಾಸ್ಕು ಕಟ್ಟಿಕೊಂಡು, ಬೈಕ್ ತೆಗೆದು ಗಾಡಿಯ ಹಿಂದೆ ಗದಗಿಗೆ ಹೋಗಲು ತಯಾರಾಗಿ ನಿಂತ. ಓಣಿಯ ಬಾಯಿಯಲ್ಲಿ ಮುತ್ತಣ್ಣನ ಚಕ್ಕಡಿ ಅಡ್ಡ ಇತ್ತು. ಆಂಬುಲೆನ್ಸಿನ ಸಪ್ಪಳ ಕೇಳಿದ ಮುತ್ತಣ್ಣ ಹೊರಗೆ ಬಂದ. ನೋಡಿದ. ಚಕ್ಕಡಿಯ ನೊಗ ಹಿಡಿದು ಒಬ್ಬನೇ ಎಳೆದು ದಾರಿ ಬಿಟ್ಟ.

ಗಾಡಿಯ ಬಾಗಿಲು ಮುಚ್ಚಿತು. ಉಳವಪ್ಪ ಗದಗಿಗೆ ಹೋದ.

ಕಸ್ತೂರೆವ್ವನ ಪರೀಕ್ಷೆಯೂ ಆಯಿತು. ಅವಳಿಗೂ ರೋಗ ಬಂದಿತ್ತು, ಆದರೆ ಹಗುರವಾಗಿ. ವೈದ್ಯರನ್ನು ಕೇಳಿ ನಾಗರತ್ನಾ ಗುಳಿಗೆ ಕೊಟ್ಟಳು, ಮನೆಯಲ್ಲೇ ಬೇರೆಯಾಗಿ ಇರಲು ಹೇಳಿದಳು, ಬೆರಳಿನ ಯಂತ್ರ ತಂದು ದಿನಾ ನೋಡಿ ಹೋಗುತ್ತಿದ್ದಳು. ಕದ ಮತ್ತೆ ಮುಚ್ಚಿತು. ಈ ಸಲ ಒಳಗೆ ಕಸ್ತೂರೆವ್ವ ಒಬ್ಬಳೇ.

ಜ್ವರಕ್ಕಿಂತ ಆ ಒಂಟಿತನ ಕಠಿಣವಾಗಿತ್ತು. ಫೋನು ಸುಮ್ಮನಿದ್ದರೆ ಅಂಜಿಕೆ, ಫೋನು ರಿಂಗಾದರೆ ಇನ್ನೂ ಅಂಜಿಕೆ. ಎದೆ ಡವಡವ ಹೊಡೆದುಕೊಂಡು, ಈಗಲೇ ಸತ್ತೆ ಎನ್ನಿಸುತ್ತಿತ್ತು. ನಾಗರತ್ನಾ ಬೆರಳು ನೋಡಿ, "ಅಂಕಿ ಸರಿ ಐತಿ ಕಾಕಿ. ಇದು ರೋಗಲ್ಲ, ಗಾಬರಿ. ಗಾಬರಿಗೂ ಕೇಳೋರು ಅದಾರ," ಎಂದು ಸಹಾಯವಾಣಿಗೆ ಫೋನು ಹಚ್ಚಿಕೊಟ್ಟಳು. ಆಚೆಯಿಂದ ಒಬ್ಬ ಹೆಣ್ಣುಮಗಳು ಬಹಳ ಹೊತ್ತು ಮಾತಾಡಿಸಿದಳು. ಮೆಲ್ಲಗೆ ಉಸಿರು ಎಳೆದು ಇನ್ನೂ ಮೆಲ್ಲಗೆ ಬಿಡುವುದನ್ನು ಹೇಳಿಕೊಟ್ಟಳು. ಮೊಬೈಲಿನಲ್ಲಿ ಬರುವ ಸಾವಿನ ವಿಡಿಯೋ ನೋಡಬೇಡಿ, ಮಗಳಿಗೆ ನಿಜ ಹೇಳಿ ಎಂದಳು. ಕಸ್ತೂರೆವ್ವ ಶೀತಲ್‌ಗೆ ಫೋನು ಮಾಡಿ ನಿಜ ಹೇಳಿದಳು. ಇಬ್ಬರೂ ಕೂಡಿ ಅತ್ತರು. ಒಬ್ಬಳೇ ಅತ್ತದ್ದಕ್ಕೂ ಕೂಡಿ ಅತ್ತದ್ದಕ್ಕೂ ಬಹಳ ವ್ಯತ್ಯಾಸ ಇತ್ತು.

ಓಣಿಯೂ ಸುಮ್ಮನೆ ಕೂಡಲಿಲ್ಲ. ಸಂಘದ ಹೆಂಗಸರು ಪಾಳಿ ಹಚ್ಚಿ, ತಮ್ಮ ಮನೆಯ ರೊಟ್ಟಿಯ ಜೊತೆ ಅವಳದನ್ನೂ ಬಡಿದು ಕಟ್ಟೆಯ ಮೇಲೆ ಇಟ್ಟು ದೂರ ಸರಿಯುತ್ತಿದ್ದರು. ಎಮ್ಮೆ ಹಿಂಡಲು ಬಂದವನು ಮುತ್ತಣ್ಣ! ಮಾಸ್ಕು ಕಟ್ಟಿದ ಮುಖ ನೋಡಿ ಎಮ್ಮೆ ಮೊದಲ ದಿನ ಬಕೆಟ್ಟನ್ನೂ ಅವನನ್ನೂ ಒದ್ದು ಕೆಡವಿತು. ಕಿಟಕಿಯಿಂದ ನೋಡುತ್ತಿದ್ದ ಕಸ್ತೂರೆವ್ವ ಎಷ್ಟೋ ದಿನದ ಮೇಲೆ ನಕ್ಕಳು. ಮುತ್ತಣ್ಣ ಎದ್ದು ಧೂಳು ಝಾಡಿಸಿಕೊಂಡು, "ನಗು ತಂಗಿ, ನಗು. ಹ್ವಾದ ವರ್ಷ ನಾ ಮಾಡಿದ್ದಕ್ಕ ಎಮ್ಮಿ ಕೈಲೆನ ಒದಿಸಿಕೊಳ್ಳಬೇಕಾಗಿತ್ತು," ಎಂದ. ಎದುರುಮನೆಯ ಕಟ್ಟೆಯ ಮೇಲಿದ್ದ ಅಮೃತವ್ವ ಅದನ್ನು ಕೇಳಿಯೂ ಕೇಳದವಳ ಹಾಗೆ ಕಾಳು ಹಸನು ಮಾಡುತ್ತಿದ್ದಳು.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಮೃತವ್ವ ತಪ್ಪದೆ ಕೂಗುತ್ತಿದ್ದಳು. "ಕಸ್ತೂರೀ!" ಒಳಗಿನಿಂದ "ಓ" ಬರಬೇಕು. "ದನಿ ತಗಿಯಾಕ ಆಗದಿದ್ರ ಹಲಗಿ ಬಡಿ. ನೀ ಎರಡ ಸಲ ಬಡಿದ್ರ ಆರಾಮ ಅದೀ ಅಂತ ತಿಳೀತೀನಿ. ಬಡೀಲಿಲ್ಲ ಅಂದ್ರ ಕದಾ ಮುರದ ಬರತೀನಿ," ಎಂದಿದ್ದಳು. ಮುಚ್ಚಿಡಲಿಕ್ಕೆ ಬಡಿದ ಅದೇ ಹಲಗೆಯನ್ನು ಕಸ್ತೂರೆವ್ವ ಈಗ ತಾನಿದ್ದೇನೆ ಎಂದು ಹೇಳಲು ಬಡಿಯುತ್ತಿದ್ದಳು.

ಒಂದು ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

ಆ ದಿನ ಬೆಳಿಗ್ಗೆ ಸುಭಾಸ, "ಕಾಕಾಗ ಸ್ವಲ್ಪ ಕಠಿಣ ಐತಂತ," ಎಂದಿದ್ದ. ಫೋನು ನೆಲದ ಮೇಲೆ ರಿಂಗಾಗುತ್ತಲೇ ಇತ್ತು. ಕಸ್ತೂರೆವ್ವ ಗೋಡೆಗೆ ಆತು ಕುಳಿತು ಅದನ್ನೇ ನೋಡುತ್ತಿದ್ದಳು. ಇದೇ ಸುದ್ದಿ. ಲಕ್ಕಪ್ಪನ ಮನೆಗೂ ಸುದ್ದಿ ಹೀಗೇ ಬಂದಿತ್ತು. ಫೋನು ನಿಂತಿತು. ಮತ್ತೆ ರಿಂಗಾಯಿತು.

"ಕಸ್ತೂರಿ, ಎತ್ತು!" ಹೊರಗಿನಿಂದ ಅಮೃತವ್ವ ಕೂಗಿದಳು.

"ನನ್ನ ಕೈಲೆ ಆಗಂಗಿಲ್ಲಕ್ಕಾ."

"ಏನ ಇದ್ದರೂ ಕೇಳು. ಒಬ್ಬಾಕಿ ಕೇಳಬ್ಯಾಡ. ಕಿಟಕಿಗೆ ಬಾ, ನಾ ಇಲ್ಲೇ ಅದೀನಿ."

ಕಸ್ತೂರೆವ್ವ ಕಿಟಕಿಗೆ ಬಂದಳು. ಅಂಗಳದ ಆಚೆ ಅಮೃತವ್ವ ನಿಂತಿದ್ದಳು. ಅವಳ ಕಣ್ಣು ನೋಡುತ್ತಲೇ ಕಸ್ತೂರೆವ್ವ ಫೋನನ್ನು ಕಿವಿಗೆ ಹಿಡಿದಳು. ಮೊದಲು ಯಾವುದೋ ನರ್ಸಿನ ದನಿ, "ಮಾತಾಡ್ರಿ," ಎಂದಿತು. ಆಮೇಲೆ ಸುಮ್ಮನೆ ಉಸಿರಿನ ಸಪ್ಪಳ. ಆಮೇಲೆ ಒಂದು ಸೊರಗಿದ ದನಿ.

"ಲೇ... ಎಮ್ಮಿ ಹಾಲ... ಯಾರ ಹಿಂಡಾಕತ್ತಾರ?"

"ಎಮ್ಮಿ ಯಾರ ಹಿಂಡಾಕತ್ತಾರಂತ ಕೇಳಾಕತ್ತಾರಕ್ಕಾ!" ಎಂದು ಕಸ್ತೂರೆವ್ವ ಕೂಗಿದಳು. ಫೋನನ್ನು ಕಿಟಕಿಯ ಆಚೆ ಅಮೃತವ್ವನ ಕಡೆ ಚಾಚಿ ಹಿಡಿದು ನಿಂತುಬಿಟ್ಟಳು. ಅಮೃತವ್ವನೇ ದೂರದಿಂದ ಕೂಗಿ ಹೇಳಿದಳು, "ಮುತ್ತಣ್ಣ ಹಿಂಡಾಕತ್ತಾನೋ! ಒದಿಸಿಕೊಳ್ಳಾಕತ್ತಾನ! ಲಗೂ ಆರಾಮ ಆಗಿ ಬಾ!"

ಉಳವಪ್ಪ ಬಂದ. ಸೊರಗಿ ಅರ್ಧ ಆಗಿದ್ದ, ಕಟ್ಟೆ ಹತ್ತಲು ಗೋಡೆ ಹಿಡಿಯಬೇಕಾಗಿತ್ತು. ಆದರೆ ಬಂದ. ಇನ್ನೂ ಅರ್ಧ ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ವೈದ್ಯರು ಹೇಳಿದ್ದರಂತೆ. ಮುಳ್ಳಿಗೆ ಅಂಜಿ ಕಸ್ತೂರೆವ್ವ ಕಳೆದದ್ದು ಇಡೀ ಒಂದು ರಾತ್ರಿ. ಮುಂದೆ ಲಸಿಕೆ ಹಾಕುವ ದಿನ ಗಂಡ ಹೆಂಡತಿ ಇಬ್ಬರೂ ಎಲ್ಲರಿಗಿಂತ ಮೊದಲು ಶಾಲೆಯ ಅಂಗಳದಲ್ಲಿ ನಿಂತಿದ್ದರು. ಅಂಜಿ ಮನೆಯಲ್ಲಿ ಕುಳಿತವರನ್ನು ಉಳವಪ್ಪನೇ ಹೋಗಿ ಕರೆದುಕೊಂಡು ಬಂದ.

ಅವನು ಬಂದ ಮರುದಿನ ಬೆಳಿಗ್ಗೆ ಕಸ್ತೂರೆವ್ವನ ಅಡುಗೆಮನೆಯಿಂದ ಸಪ್ಪಳ ಬಂತು. ಟಪ ಟಪ ಟಪ. ನಿಂತಿತು. ಮತ್ತೆ ಟಪ ಟಪ. ಮತ್ತೆ ನಿಂತಿತು. ಎದುರುಮನೆಯಲ್ಲಿ ತನ್ನ ಹಲಗೆಯ ಮುಂದೆ ಕುಳಿತಿದ್ದ ಅಮೃತವ್ವ ಕೈ ತಡೆದು ಕೇಳಿದಳು. ಓಣಿಗೆ ಬಿಸಿ ರೊಟ್ಟಿಯ ವಾಸನೆ ಬಂತು. ಸೆರಗಿನಿಂದ ಕಣ್ಣು ಒರೆಸಿಕೊಂಡು ಅವಳು ತನ್ನ ರೊಟ್ಟಿ ಬಡಿಯತೊಡಗಿದಳು.

ಅಕ್ಕಂದಿರೇ, ಅಣ್ಣಂದಿರೇ, ರೋಗ ಇನ್ನೊಂದು ಹೆಸರಿನಲ್ಲಿ ಮತ್ತೆ ಬರಬಹುದು. ಬಂದಾಗ ಮುಚ್ಚಿಡಬೇಡಿ. ಜ್ವರ ಇಳಿಯದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ. ಉಸಿರು ಕಟ್ಟಿದರೆ ಒಂದು ಗಳಿಗೆಯೂ ಕಾಯದೆ 108ಕ್ಕೆ ಫೋನು ಮಾಡಿ. ಅಂಜಿಕೆ, ಗಾಬರಿ, ದುಃಖ ತಡೆಯಲು ಆಗದಿದ್ದರೆ 14416ಕ್ಕೆ ಫೋನು ಮಾಡಿ ಮಾತಾಡಿ. ಅದಕ್ಕೆ ದುಡ್ಡು ಬೇಕಿಲ್ಲ, ನಾಚಿಕೆಯೂ ಬೇಕಿಲ್ಲ.

ಮತ್ತೆ, ನಾಳೆ ಬೆಳಿಗ್ಗೆ ಸ್ವಲ್ಪ ಕಿವಿಗೊಟ್ಟು ಕೇಳಿ. ನಿಮ್ಮ ಓಣಿಯಲ್ಲಿ ಯಾವ ಮನೆಯ ಸಪ್ಪಳ ನಿಂತಿದೆ? ಹೋಗಿ. ಮಾಸ್ಕು ಕಟ್ಟಿಕೊಂಡು ದೂರದಲ್ಲೇ ನಿಲ್ಲಿ. ಆದರೆ ಹೆಸರು ಹಿಡಿದು ಕರೆಯಿರಿ. ಒಳಗಿನಿಂದ "ಓ" ಎನ್ನುವ ತನಕ ಅಲ್ಲಿಂದ ಕದಲಬೇಡಿ.